ಮಗುವಿನ ಅಳತೆಗೆ ತಕ್ಕ ಮಾತ್ರೆಯನ್ನು ತ್ರೀಡಿ ಪ್ರಿಂಟರಿನಲ್ಲಿ ಮಾಡಲು ಸಾಧ್ಯವೇ?

ಪ್ರಶ್ನೆ

ನನ್ನ ಮಗಳಿಗೆ ಈಗ ನಾಲ್ಕು ವರ್ಷ. ಮೂತ್ರಪಿಂಡಗಳ ಮೇಲಿರುವ ಅವಳ ಅಡ್ರಿನಲ್ ಗ್ರಂಥಿಗಳು ಹುಟ್ಟಿನಿಂದಲೇ ಕಾರ್ಟಿಸಾಲ್ ಹಾರ್ಮೋನನ್ನು ಸಾಕಷ್ಟು ಉತ್ಪಾದಿಸುವುದಿಲ್ಲವಾದ್ದರಿಂದ, ಆ ಕೊರತೆ ತುಂಬುವ ಹೈಡ್ರೋಕಾರ್ಟಿಸೋನ್ ಎಂಬ ಔಷಧವನ್ನು ದಿನಕ್ಕೆ ಮೂರು ಹೊತ್ತು ಕೊಡುತ್ತಿದ್ದೇವೆ. ನಮಗೆ ದೊರೆಯುವ ಮಾತ್ರೆ 10 ಮಿಲಿಗ್ರಾಂನದು. ವೈದ್ಯರು ಬರೆದುಕೊಟ್ಟಿರುವುದು ಹೊತ್ತಿಗೆ 2.5 ಮಿಲಿಗ್ರಾಂ. ಆದ್ದರಿಂದ ಪ್ರತಿ ರಾತ್ರಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿಯಲ್ಲಿ ಮಾತ್ರೆಯನ್ನಿಟ್ಟು ಮೊದಲು ಎರಡು ಹೋಳು, ಅವನ್ನು ಮತ್ತೆ ನಾಲ್ಕು ಹೋಳು ಮಾಡಿಡುತ್ತೇನೆ. ಮೊದಲ ಸಲ ಬ್ಲೇಡು ಮಾತ್ರೆಯ ನಡುವಿನ ಗೆರೆಯ ಮೇಲೆಯೇ ಇಳಿಯುತ್ತದೆ. ಎರಡನೆಯ ಸಲಕ್ಕೆ ಗೆರೆಯ ಆಸರೆಯಿಲ್ಲ; ಒಂದು ಹೋಳು ದಪ್ಪಗೆ, ಇನ್ನೊಂದು ತೆಳ್ಳನೆಯ ಚಕ್ಕೆಯಾಗಿ ಒಡೆಯುತ್ತದೆ, ಡಬ್ಬಿಯ ಮೂಲೆಯಲ್ಲಿ ಬಿಳಿಯ ಪುಡಿ ಉಳಿದುಬಿಡುತ್ತದೆ. ಬೆಳಿಗ್ಗೆ ಯಾವ ಹೋಳನ್ನು ಕೊಟ್ಟರೆ ಸರಿ ಎಂದು ಕೈಯಲ್ಲಿ ಹಿಡಿದು ನೋಡುತ್ತಾ ನಿಲ್ಲುವುದು ನನಗೆ ದಿನನಿತ್ಯದ ಸಂಕಟವಾಗಿದೆ.

ರೋಗಿಯೊಬ್ಬರಿಗೆ ಬೇಕಾದಷ್ಟೇ ಪ್ರಮಾಣದ ಮಾತ್ರೆಯನ್ನು ತ್ರೀಡಿ ಮುದ್ರಣದಿಂದ ತಯಾರಿಸಬಹುದು ಎಂದು ಓದಿದೆ. ಇದು ನಿಜವಾಗಿಯೂ ರೋಗಿಗಳನ್ನು ತಲುಪಿದೆಯೇ, ಅಥವಾ ಇನ್ನೂ ಪ್ರಯೋಗಾಲಯದ ಮಾತೇ? ಇಂಥ ಯಂತ್ರವನ್ನು ಮನೆಯಲ್ಲಿಯೇ ಇಟ್ಟುಕೊಳ್ಳುವ ಕಾಲ ಬರಬಹುದೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1 (ಆಸ್ಪತ್ರೆಯೊಂದರ ಫಾರ್ಮಸಿಸ್ಟ್)

ನಿಮ್ಮ ಅನುಮಾನ ಸರಿಯಾದದ್ದು. ಹೋಳು ಮಾಡಿ ಕೊಡಬಹುದಾದ ಮಾತ್ರೆಗಳಿಗೆ ಯುರೋಪಿನ ಔಷಧ ಸಂಹಿತೆ (ಔಷಧಗಳ ಗುಣಮಟ್ಟದ ನಿಯಮಗ್ರಂಥ) ಒಂದು ಪರೀಕ್ಷೆಯನ್ನು ವಿಧಿಸುತ್ತದೆ: 30 ಮಾತ್ರೆಗಳನ್ನು ಮುರಿದು, ಪ್ರತಿಯೊಂದರಿಂದ ಒಂದೊಂದು ಹೋಳನ್ನು ತೂಗಿದಾಗ, ಸರಾಸರಿ ತೂಕದ ಶೇ. 85ರಿಂದ 115ರ ಮಿತಿಯನ್ನು ಮೀರಿದ ಹೋಳು ಒಂದಕ್ಕಿಂತ ಹೆಚ್ಚಿರಕೂಡದು, ಶೇ. 75ರಿಂದ 125ರ ಮಿತಿಯನ್ನು ಒಂದೂ ಮೀರಕೂಡದು. ಗೆರೆಯಿರುವ ಕಡೆ ಮುರಿದರೆ ಸಿಗುವ ಈ ಭರವಸೆ, ಗೆರೆಯಿಲ್ಲದ ಕಡೆ ಬ್ಲೇಡಿನಿಂದ ಕಾಲು ಮಾಡಿದಾಗ ಇರುವುದಿಲ್ಲ. ನಿಮ್ಮ ಕೈಚಳಕದ ಕೊರತೆ ಇದಲ್ಲ. ಆ ಮಾತ್ರೆ ಆ ಕೆಲಸಕ್ಕೆಂದು ಮಾಡಿದ್ದಲ್ಲ. ಹೈಡ್ರೋಕಾರ್ಟಿಸೋನ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುವುದರಿಂದ ಒಂದು ಹೊತ್ತಿನ ಕೊರತೆಯನ್ನು ಇನ್ನೊಂದು ಹೊತ್ತಿನ ಹೆಚ್ಚಳ ತುಂಬಿಕೊಡುವುದೂ ಇಲ್ಲ. ಪ್ರಮಾಣ ಕಡಿಮೆಯಾದರೆ ಮಗು ಬಳಲುತ್ತದೆ, ಬಹುಕಾಲ ಹೆಚ್ಚಾದರೆ ಬೆಳವಣಿಗೆ ಕುಂಠಿತವಾಗುತ್ತದೆ.

ಮುದ್ರಣದ ವಿಚಾರಕ್ಕೆ ಹೋಗುವ ಮೊದಲು ಈಗಾಗಲೇ ಇರುವ ದಾರಿಗಳನ್ನು ಹೇಳಿಬಿಡುತ್ತೇನೆ. ಮಕ್ಕಳಿಗೆಂದೇ 0.5, 1, 2 ಮತ್ತು 5 ಮಿಲಿಗ್ರಾಂ ಪ್ರಮಾಣದ ಹೈಡ್ರೋಕಾರ್ಟಿಸೋನ್ ಹರಳುಗಳು ಕ್ಯಾಪ್ಸೂಲಿನಲ್ಲಿ ತುಂಬಿ ಬರುತ್ತವೆ; ಕ್ಯಾಪ್ಸೂಲನ್ನು ತೆರೆದು ಹರಳುಗಳನ್ನು ಬಾಯಿಗೆ ಹಾಕಿ ನೀರು ಕುಡಿಸುವುದು ಕ್ರಮ. ಯುರೋಪಿನಲ್ಲಿ 2018ರಲ್ಲಿ, ಅಮೆರಿಕದಲ್ಲಿ 2020ರಲ್ಲಿ ಇದಕ್ಕೆ ಅನುಮೋದನೆ ದೊರೆತಿದೆ. ಅದು ಸಿಗದ ಕಡೆ, ಮಾತ್ರೆಯನ್ನು ನುಣ್ಣಗೆ ಅರೆದು, ಲ್ಯಾಕ್ಟೋಸಿನೊಂದಿಗೆ (ಹಾಲಿನ ಸಕ್ಕರೆ) ಬೆರೆಸಿ, ಸಣ್ಣ ಕ್ಯಾಪ್ಸೂಲುಗಳಿಗೆ ತುಂಬಿಕೊಡುವ ಕೆಲಸವನ್ನು ಆಸ್ಪತ್ರೆಯ ಫಾರ್ಮಸಿಗಳು ಮಾಡುತ್ತವೆ. ನಾನು ಅದನ್ನು ವರ್ಷಗಟ್ಟಲೆ ಮಾಡಿದ್ದೇನೆ. ಬೆರಕೆ ಚೆನ್ನಾಗಿ ಹೊಂದಿಕೊಳ್ಳದಿದ್ದರೆ ಅಲ್ಲಿಯೂ ಒಂದು ಕ್ಯಾಪ್ಸೂಲಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೂ ಬ್ಲೇಡಿಗಿಂತ ಇದು ಎಷ್ಟೋ ಮೇಲು. ದಯವಿಟ್ಟು ನಿಮ್ಮ ವೈದ್ಯರೊಂದಿಗೆ ಈ ಎರಡನ್ನೂ ಮೊದಲು ಮಾತನಾಡಿ.

ಉತ್ತರ 2 (ಔಷಧ ತಯಾರಿಕಾ ವಿಧಾನಗಳ ಸಂಶೋಧಕಿ)

ಮುದ್ರಿತ ಮಾತ್ರೆ ಪ್ರಯೋಗಾಲಯವನ್ನು ದಾಟಿ ಬಂದು ಹಲವು ವರ್ಷಗಳಾದವು. 2015ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅನುಮೋದಿಸಿದ ಸ್ಪ್ರಿಟಮ್ ಎಂಬ ಅಪಸ್ಮಾರದ ಮಾತ್ರೆ ಈ ಬಗೆಯಲ್ಲಿ ಮೊದಲನೆಯದು. ಪುಡಿಯ ತೆಳುವಾದ ಪದರವನ್ನು ಹರಡಿ, ಅದರ ಮೇಲೆ ಅಂಟುದ್ರವದ ಹನಿಗಳನ್ನು ಸಿಂಪಡಿಸಿ, ಮತ್ತೆ ಪುಡಿ, ಮತ್ತೆ ದ್ರವ ಎಂದು ಪದರದ ಮೇಲೆ ಪದರ ಕಟ್ಟುತ್ತಾರೆ. ಒತ್ತಿ ಮಾಡಿದ ಮಾತ್ರೆಯಲ್ಲವಾದ್ದರಿಂದ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿದ್ದು, 1000 ಮಿಲಿಗ್ರಾಂ ಔಷಧವಿರುವ ದೊಡ್ಡ ಮಾತ್ರೆಯೂ ಒಂದು ಗುಟುಕು ನೀರಿಗೆ ಕೆಲವೇ ಸೆಕೆಂಡುಗಳಲ್ಲಿ ಕರಗಿಹೋಗುತ್ತದೆ. ಆದರೆ ಅದು ಕಾರ್ಖಾನೆಯಲ್ಲಿ ನಿಗದಿತ ಪ್ರಮಾಣಗಳಲ್ಲಿ ತಯಾರಾಗುವ ಮಾತ್ರೆ. ನೀವು ಕೇಳುತ್ತಿರುವುದು ಬೇರೆ: ಒಂದೇ ಮಗುವಿಗೆ, ಆ ಮಗುವಿನ ಅಳತೆಗೆ.

ಅದಕ್ಕೆ ಹೆಚ್ಚು ಹೊಂದುವುದು ಪೇಸ್ಟನ್ನು ಒತ್ತಿ ಹೊರಡಿಸುವ ವಿಧಾನ. ಔಷಧವನ್ನು ಜೆಲ್ಲಿಯಂಥ ಅಥವಾ ಕೊಬ್ಬಿನಂಥ ಪದಾರ್ಥದಲ್ಲಿ ಬೆರೆಸಿ ಸಿರಿಂಜಿಗೆ ತುಂಬುತ್ತೇವೆ. ಯಂತ್ರ ಅದನ್ನು ಸಣ್ಣ ನಳಿಕೆಯಿಂದ ದಾರದಂತೆ ಎಳೆದು ಸುತ್ತಿಸುತ್ತಾ ಮಾತ್ರೆಯ ಆಕಾರ ಕೊಡುತ್ತದೆ. ಪೇಸ್ಟಿನ ಪ್ರತಿ ಗ್ರಾಂನಲ್ಲಿ ಔಷಧ ಎಷ್ಟಿದೆ ಎಂಬುದು ಗೊತ್ತಿರುವುದರಿಂದ, ಹೊರಬಂದ ಪೇಸ್ಟಿನ ತೂಕದಿಂದಲೇ ಔಷಧದ ಪ್ರಮಾಣವನ್ನು ಲೆಕ್ಕ ಹಾಕಬಹುದು. ಇದೇ ಬಗೆಯ ಯಂತ್ರದಿಂದ ಸ್ಪೇನಿನ ಆಸ್ಪತ್ರೆಯೊಂದರಲ್ಲಿ ಮೇಪಲ್ ಸಿರಪ್ ಮೂತ್ರರೋಗ ಎಂಬ ಅಪರೂಪದ ಕಾಯಿಲೆಯ ಮಕ್ಕಳಿಗೆ ಐಸೋಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಅಗಿಯುವ ಮಾತ್ರೆಗಳಾಗಿ, ಬೇರೆ ಬೇರೆ ಬಣ್ಣ ರುಚಿಗಳಲ್ಲಿ, ಅವರವರ ರಕ್ತಪರೀಕ್ಷೆಗೆ ತಕ್ಕ ಪ್ರಮಾಣದಲ್ಲಿ ಮುದ್ರಿಸಿಕೊಟ್ಟರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಇದ್ದದ್ದು ನಾಲ್ಕೇ ಮಕ್ಕಳು. ಆದರೂ ಅವರ ರಕ್ತದ ಮಟ್ಟ ಗುರಿಯ ಸಮೀಪದಲ್ಲಿ, ಮೊದಲಿಗಿಂತ ಕಡಿಮೆ ಏರಿಳಿತದಲ್ಲಿ ನಿಂತಿತು.

ಎಲ್ಲ ಔಷಧಕ್ಕೂ ಎಲ್ಲ ವಿಧಾನ ಒಗ್ಗುವುದಿಲ್ಲ. ಪ್ಲಾಸ್ಟಿಕ್ಕಿನ ಎಳೆಯನ್ನು ಕರಗಿಸಿ ಕಟ್ಟುವ ಸಾಮಾನ್ಯ ಪ್ರಿಂಟರಿನಲ್ಲಿ ನಳಿಕೆಯ ಶಾಖ ಅನೇಕ ಸಲ 150 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಶಾಖ ತಾಳದ ಔಷಧ ಅಲ್ಲಿಯೇ ಕೆಡುತ್ತದೆ. ಬೆಳಕಿನಿಂದ ದ್ರವವನ್ನು ಗಟ್ಟಿಮಾಡುವ ವಿಧಾನದಲ್ಲಿ ರಕ್ತದೊತ್ತಡದ ಔಷಧವಾದ ಆಮ್ಲೋಡಿಪಿನ್ ಆ ದ್ರವದೊಂದಿಗೇ ರಾಸಾಯನಿಕವಾಗಿ ಸೇರಿಕೊಂಡದ್ದನ್ನು ಸಂಶೋಧಕರು ಕಂಡಿದ್ದಾರೆ. ಇನ್ನೊಂದು ವಿಚಾರ ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಕಂಪ್ಯೂಟರಿನಲ್ಲಿ ಮಾತ್ರೆಯ ಉದ್ದ, ಅಗಲ, ಎತ್ತರಗಳನ್ನು ಅರ್ಧ ಮಾಡಿದರೆ ಔಷಧ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಎರಡು ಪಟ್ಟಾಗುತ್ತದೆ. ಆದ್ದರಿಂದ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಬೇಗನೆ ಹೊರಬೀಳುತ್ತದೆ. ಸಣ್ಣ ಮಾತ್ರೆ ಎಂದರೆ ದೊಡ್ಡ ಮಾತ್ರೆಯ ಕಿರಿಯ ಪ್ರತಿ ಎಂದು ಎಣಿಸಬಾರದು. ನಿಮ್ಮ ಮಗಳದು ಬೇಗ ಕರಗಬೇಕಾದ ಮಾತ್ರೆಯಾದ್ದರಿಂದ ಈ ತೊಡಕು ಅಷ್ಟಾಗಿ ಕಾಡದು.

ನಮ್ಮ ಪ್ರಯೋಗಾಲಯದಲ್ಲಿ ಅತಿ ಹೆಚ್ಚು ಕಾಡಿಸಿದ್ದು ಗಾಳಿಗುಳ್ಳೆ. ಸಿರಿಂಜಿಗೆ ಪೇಸ್ಟ್ ತುಂಬುವಾಗ ಕಣ್ಣಿಗೆ ಕಾಣದ ಒಂದು ಗುಳ್ಳೆ ಒಳಗುಳಿದರೆ ಸಾಕು, ಹತ್ತು ಮಾತ್ರೆ ಸರಿಯಾಗಿ ಬಂದು ಹನ್ನೊಂದನೆಯದು ಹಗುರವಾಗುತ್ತದೆ. ಹೊರನೋಟಕ್ಕೆ ಏನೂ ತಿಳಿಯದು. ತಕ್ಕಡಿಯಲ್ಲಿಟ್ಟಾಗ ಮಾತ್ರ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ವಂದನೆಗಳು. ಹರಳುಗಳ ವಿಚಾರವನ್ನು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ. ಗಾಳಿಗುಳ್ಳೆಯ ಮಾತು ಓದಿದ ಮೇಲೆ ಯಂತ್ರವನ್ನು ಮನೆಗೆ ತರುವ ಆಸೆಯನ್ನು ಬಿಟ್ಟಿದ್ದೇನೆ. ಹಾಗಾದರೆ ಆಸ್ಪತ್ರೆಯಲ್ಲಿ ಮುದ್ರಿಸಿದರೂ ಪ್ರತಿ ಮಾತ್ರೆಯಲ್ಲಿ ಸರಿಯಾದ ಪ್ರಮಾಣವಿದೆ ಎಂದು ಹೇಳುವವರು ಯಾರು? ಜ್ವರ ಬಂದ ದಿನಗಳಲ್ಲಿ ಅವಳ ಪ್ರಮಾಣವನ್ನು ಹೆಚ್ಚಿಸಬೇಕಾಗುತ್ತದೆ; ಒಂದು ತಿಂಗಳಿಗಾಗುವಷ್ಟು ಮುದ್ರಿಸಿಟ್ಟ ಮಾತ್ರೆಗಳು ಆಗ ಉಪಯೋಗಕ್ಕೆ ಬರುತ್ತವೆಯೇ?

ಉತ್ತರ 3 (ಔಷಧಗಳ ಗುಣಮಟ್ಟ ಪರೀಕ್ಷಕ)

ಈ ವಿಷಯದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ನೀವು ಕೇಳಿರುವ ಮೊದಲ ಪ್ರಶ್ನೆಯೇ. ಕಾರ್ಖಾನೆಯ ಯಂತ್ರ ಗಂಟೆಗೆ ಲಕ್ಷಾಂತರ ಮಾತ್ರೆಗಳನ್ನು ಒತ್ತುತ್ತದೆ. ಅವುಗಳಲ್ಲಿ ಕೆಲವನ್ನು ತೆಗೆದು, ಪುಡಿಮಾಡಿ, ಕರಗಿಸಿ, ಔಷಧವನ್ನು ಅಳೆದು ಉಳಿದವುಗಳ ಬಗ್ಗೆ ಭರವಸೆ ಕೊಡುತ್ತೇವೆ. ಒಂದು ಮಗುವಿಗೆಂದು ತೊಂಬತ್ತು ಮಾತ್ರೆ ಮುದ್ರಿಸಿದಾಗ ಅದರಲ್ಲಿ ಇಪ್ಪತ್ತನ್ನು ಹೀಗೆ ಒಡೆದು ನೋಡುತ್ತಾ ಕುಳಿತರೆ ಮಗುವಿಗೆ ಉಳಿಯುವುದೆಷ್ಟು? ಹೀಗಾಗಿ ಮಾತ್ರೆಯನ್ನು ಕೆಡಿಸದೆ ಪರೀಕ್ಷಿಸುವ ದಾರಿಗಳನ್ನು ಹುಡುಕಲಾಗಿದೆ. ಯಂತ್ರದೊಳಗೇ ತಕ್ಕಡಿಯಿಟ್ಟು ಪ್ರತಿ ಮಾತ್ರೆಯನ್ನು ತೂಗುವುದು ಒಂದು; ಕಣ್ಣಿಗೆ ಕಾಣುವ ಕೆಂಪು ಬೆಳಕಿಗೆ ಸಮೀಪದ ಅವಕೆಂಪು (ಇನ್‌ಫ್ರಾರೆಡ್) ಕಿರಣಗಳನ್ನು ಹಾಯಿಸಿ, ಅವು ಹೀರಲ್ಪಡುವ ರೀತಿಯಿಂದ ಔಷಧದ ಪ್ರಮಾಣವನ್ನು ಅಂದಾಜು ಮಾಡುವುದು ಇನ್ನೊಂದು. ತೂಕ ಒಂದೇ ಸಾಲದು. ಪೇಸ್ಟ್ ಸಮನಾಗಿ ಬೆರೆಯದಿದ್ದರೆ ತೂಕ ಸರಿಯಿದ್ದೂ ಔಷಧ ತಪ್ಪಿರಬಹುದು.

ಹೊಣೆಗಾರಿಕೆಗೆ ಕಾನೂನಿನ ಚೌಕಟ್ಟೂ ಈಗ ಮೂಡುತ್ತಿದೆ. ಬ್ರಿಟನ್ನಿನಲ್ಲಿ 2025ರ ಜುಲೈ 23ರಂದು ಜಾರಿಗೆ ಬಂದ ನಿಯಮಗಳು, ರೋಗಿಯ ಸಮೀಪದಲ್ಲಿಯೇ ಔಷಧ ತಯಾರಿಸುವುದಕ್ಕೆ ಪ್ರತ್ಯೇಕ ಪರವಾನಗಿಯನ್ನು ಏರ್ಪಡಿಸಿವೆ. ತಯಾರಿಕೆ ಹಲವು ಕಡೆ ನಡೆದರೂ ಪರವಾನಗಿ ಪಡೆದ ಒಂದು ನಿಯಂತ್ರಣ ಕೇಂದ್ರ ಅವೆಲ್ಲದಕ್ಕೂ ಉತ್ತರ ಹೇಳಬೇಕು. ಇದು ಸರಿಯಾದ ನಡೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಲ್ಲಿ ತಪ್ಪು ಯಂತ್ರದಿಂದಷ್ಟೇ ಬರುವುದಿಲ್ಲ: 2.5 ಎಂದು ದಾಖಲಿಸುವಾಗ ಚುಕ್ಕಿಯೊಂದು ಬಿಟ್ಟುಹೋದರೆ ಯಂತ್ರ 25 ಮಿಲಿಗ್ರಾಂ ಮಾತ್ರೆಯನ್ನೂ ಅಷ್ಟೇ ನಿಷ್ಠೆಯಿಂದ ಮುದ್ರಿಸಿಕೊಡುತ್ತದೆ. ಆದ್ದರಿಂದ ವೈದ್ಯರು ಬರೆದದ್ದನ್ನು ಫಾರ್ಮಸಿಸ್ಟರು ಮತ್ತೊಮ್ಮೆ ಲೆಕ್ಕ ಹಾಕಿ ನೋಡುವ ಪದ್ಧತಿಯನ್ನು ಯಾವ ಯಂತ್ರ ಬಂದರೂ ಬಿಡಬಾರದು. ಒಬ್ಬ ರೋಗಿಯ ಔಷಧ ಇನ್ನೊಬ್ಬರ ಮಾತ್ರೆಗೆ ಸೇರದಂತೆ ನಳಿಕೆಯನ್ನೂ ಸಿರಿಂಜನ್ನೂ ಬದಲಿಸುವುದು, ಮುದ್ರಿತ ಮಾತ್ರೆ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನು ಮೊದಲೇ ಪರೀಕ್ಷಿಸಿಡುವುದು ಸಹ ಅಷ್ಟೇ ಅಗತ್ಯ.

ಜ್ವರದ ದಿನಗಳ ವಿಚಾರದಲ್ಲಿ ಸಣ್ಣ ಮಾತ್ರೆಯಿಂದ ಅನುಕೂಲವೇ ಹೆಚ್ಚು. ಕಾಯಿಲೆ ಬಿದ್ದಾಗ ಹೈಡ್ರೋಕಾರ್ಟಿಸೋನನ್ನು ಸಾಮಾನ್ಯವಾಗಿ ಎರಡು ಅಥವಾ ಮೂರು ಪಟ್ಟು ಕೊಡಲು ವೈದ್ಯರು ಮೊದಲೇ ಬರೆದುಕೊಟ್ಟಿರುತ್ತಾರೆ, 2.5 ಮಿಲಿಗ್ರಾಂ ಮಾತ್ರೆ ಇದ್ದರೆ ಎರಡೋ ಮೂರೋ ಎಣಿಸಿಕೊಟ್ಟರಾಯಿತು, ಹೊಸದಾಗಿ ಮುದ್ರಿಸಲು ಕಾಯಬೇಕಾಗಿಲ್ಲ. ಆದರೆ ವಾಂತಿಯಾಗಿ ಔಷಧ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಯಾವ ಬಗೆಯ ಮಾತ್ರೆಯೂ ಕೆಲಸಕ್ಕೆ ಬರುವುದಿಲ್ಲ; ಆಗ ಬೇಕಾಗುವುದು ಇಂಜೆಕ್ಷನ್. ಅದನ್ನು ಕೊಡುವ ಕ್ರಮವನ್ನು ನಿಮಗೆ ಇನ್ನೂ ಕಲಿಸಿಕೊಟ್ಟಿಲ್ಲವಾದರೆ, ಹರಳುಗಳ ಬಗ್ಗೆ ವಿಚಾರಿಸಲು ಹೋದಾಗ ಅದನ್ನೂ ತಪ್ಪದೆ ಕೇಳಿ ಕಲಿತುಕೊಂಡು ಬನ್ನಿ.