ಅಪ್‌ಡೇಟ್: ಡಿವೋರ್ಸ್ ಕೇಸ್ ನಡುವೆ ದೀಪಾವಳಿ, ಮಗಳು ಯಾರ ಮನೇಲಿ?

ಹಾಸನಾಂಬೆ ಬಾಗಿಲು ತೆರೆದರೆ ಮನೆ ತುಂಬ ನೆಂಟರು, ಕೇಸ್ ಇನ್ನೂ ಮುಗಿದಿಲ್ಲ, ಹಬ್ಬಕ್ಕೆ ಮಗಳನ್ನು ಯಾರಲ್ಲಿ ಬಿಡೋದು ಅಂತ ಕೇಳಿದ್ದೆ. ಈಗ ಬರಹದಲ್ಲೇ ಇತ್ಯರ್ಥ ಆಗಿದೆ. ಇದೇ ಸ್ಥಿತಿಯಲ್ಲಿರುವವರಿಗೆ ಉಪಯೋಗವಾಗಲಿ ಅಂತ ಬರೀತಿದ್ದೀನಿ.

ಇಬ್ಬರಿಗೂ ಒಪ್ಪಿಗೆಯಿದ್ದರೆ ವಕೀಲರ ಮೂಲಕ ಜಂಟಿ ಮೆಮೊ (ಇಬ್ಬರೂ ಸಹಿ ಹಾಕಿ ಕೋರ್ಟಿಗೆ ಕೊಡುವ ಒಪ್ಪಂದದ ಬರಹ) ಸಾಕು. ಇಲ್ಲದಿದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ (ಮಕ್ಕಳು ಯಾರ ಬಳಿ ಇರಬೇಕು ಅನ್ನೋದರ ಬಗ್ಗೆ) ಅಡಿ ಮಧ್ಯಂತರ ಅರ್ಜಿ, ಅಂದರೆ ಕೇಸ್ ಮುಗಿಯೋ ಮೊದಲೇ ತಾತ್ಕಾಲಿಕ ಆದೇಶ ಕೇಳೋದು. ಅದನ್ನು ಕೋರ್ಟಿನ ದಸರಾ ರಜೆಗೆ ಮೊದಲೇ ಹಾಕಿ. ತಡವಾದರೆ ನೋಟಿಸ್ ಹೋಗಿ, ಆಕ್ಷೇಪಣೆ ಬರೋಷ್ಟರಲ್ಲಿ ಹಬ್ಬವೇ ಕಳೆದಿರುತ್ತೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ, ಸಹಾಯವಾಣಿ 15100.

ಮೆಮೊದಲ್ಲಿ ಬರೀ ‘ಹಬ್ಬಕ್ಕೆ ಕಳಿಸುವುದು’ ಅಂತಿದ್ದರೆ ಜಗಳ ಖಂಡಿತ. ಹೀಗೆ ಬಿಡಿಸಿ ಬರೆಸಿ: ನರಕ ಚತುರ್ದಶಿಯ ಎಣ್ಣೆಸ್ನಾನ ಒಬ್ಬರಲ್ಲಿ, ಬಲಿಪಾಡ್ಯಮಿ ಇನ್ನೊಬ್ಬರಲ್ಲಿ, ಮುಂದಿನ ವರ್ಷ ಅದಲುಬದಲು. ತಾರೀಖು, ಗಂಟೆ, ಕರೆದೊಯ್ಯುವವರ ಹೆಸರು, ಮಗುವನ್ನು ಒಪ್ಪಿಸುವ ಜಾಗ ಎಲ್ಲವೂ ಇರಲಿ. ಬಸ್ ಸ್ಟ್ಯಾಂಡ್ ಮಾತ್ರ ಬೇಡ. ದರ್ಶನದ ನೂಕುನುಗ್ಗಲಲ್ಲಿ ಅರ್ಧ ಗಂಟೆ ತಡವಾದರೂ ಮಾತಿಗೆ ಮಾತು ಬೆಳೆಯುತ್ತೆ. ಬಟ್ಟೆ, ಔಷಧಿ, ಹೋಂವರ್ಕ್ ಒಂದೇ ಬ್ಯಾಗಲ್ಲಿ ಹೋಗಲಿ. ಮಗುವಿನ ಕೈಲಿ ಸುದ್ದಿ ಮಾತ್ರ ಕಳಿಸಬೇಡಿ, ಆ ಭಾರ ಅದಕ್ಕೆ ಬೇಡ.

ನೆಂಟರಿಗೆ: “ಕೋರ್ಟಲ್ಲಿದೆ ಅತ್ತೆ, ಆ ಮಾತು ಈಗ ಬೇಡ. ಕಾಫಿ ತಗೊಳ್ಳಿ.” ಅಷ್ಟೇ. ಮನೆಯ ಹಿರಿಯರೊಬ್ಬರಿಗೆ, ಸೋದರಮಾವನಿಗೋ ದೊಡ್ಡಮ್ಮನಿಗೋ, ಮೊದಲೇ ಹೇಳಿಟ್ಟರೆ ಉಳಿದವರನ್ನು ಅವರೇ ಸಂಭಾಳಿಸ್ತಾರೆ. ವಾಟ್ಸಾಪ್ ಸ್ಟೇಟಸ್‌ನಲ್ಲಿ ಚುಚ್ಚುಮಾತು ಹಾಕಬೇಡಿ, ಸ್ಕ್ರೀನ್‌ಶಾಟ್ ಕೋರ್ಟಿಗೆ ಬರುತ್ತೆ. ಮಗು ಇಲ್ಲದ ರಾತ್ರಿ ತಡೆಯೋಕಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.