ಪಾಡ್‌ಕಾಸ್ಟ್‌ಗೆ ಚಿಪ್‌ಟ್ಯೂನ್ ಥೀಮ್: ನಾನೇ ಮಾಡ್ಕೊಳ್ಳಲಾ, ಮಾಡಿಸ್ಲಾ? ಅನುಭವ ಇದ್ದವರು ಹೇಳಿ

ಹೊಸಮೈಕು: ನಾವಿಬ್ಬರು ಗೆಳೆಯರು ಖಗೋಳದ ಬಗ್ಗೆ ಪಾಡ್‌ಕಾಸ್ಟ್ ಶುರು ಮಾಡ್ತಿದ್ದೀವಿ. 20 ಸೆಕೆಂಡಿನ ಥೀಮ್ ಬೇಕು, ಮಧ್ಯದ ಬಿಡುವಿಗೆ 5 ಸೆಕೆಂಡಿನ ತುಣುಕು ಬೇಕು. ಹಳೇ ವಿಡಿಯೋ ಗೇಮ್ ಚಿಪ್‌ಗಳ ಸದ್ದಿನ ಥರ, ಅಂದ್ರೆ ಚಿಪ್‌ಟ್ಯೂನ್ ಇರಲಿ ಅನ್ನೋ ಆಸೆ. ಕೀಬೋರ್ಡ್ ಅಲ್ಪಸ್ವಲ್ಪ ಬರುತ್ತೆ, ಟ್ರ್ಯಾಕರ್ (ಸ್ವರಗಳನ್ನ ಸಾಲು ಸಾಲಾಗಿ ಬರೆದು ಹಾಡು ಕಟ್ಟೋ ಸಾಫ್ಟ್‌ವೇರ್) ಮುಟ್ಟಿಲ್ಲ. ಮೂರು ವಾರ ಸಮಯ ಇದೆ. ಏನ್ ಮಾಡಲಿ?

ತ್ರಿಕೋನ: ನಾನು ಸ್ವಂತ ಮಾಡ್ಕೊಂಡೆ, ಫ್ಯಾಮಿಟ್ರ್ಯಾಕರ್‌ನಲ್ಲಿ, ಅಂದ್ರೆ ನಿಂಟೆಂಡೊದ ಹಳೇ ಗೇಮ್ ಯಂತ್ರ ಎನ್‌ಇಎಸ್‌ನ ಸದ್ದು ಕೊಡೋ ಟ್ರ್ಯಾಕರ್‌ನಲ್ಲಿ. ಹನ್ನೊಂದು ವಾರ ಹಿಡೀತು. ಮೊದಲ ಎರಡು ವಾರದಲ್ಲೇ ರಾಗ ಸಿಕ್ಕಿತ್ತು, ಉಳಿದ ಒಂಬತ್ತು ವಾರ ಅದನ್ನ ಮಾತಿನ ಕೆಳಗೆ ಕೂರಿಸೋದಕ್ಕೇ ಹೋಯ್ತು. ನಮ್ಮದು ಕಾನೂನಿನ ಪಾಡ್‌ಕಾಸ್ಟ್. ಎರಡೂ ಪಲ್ಸ್ ಚಾನೆಲ್‌ಗೆ 50% ಡ್ಯೂಟಿ ಇಟ್ಟಿದ್ದೆ (ಅಲೆ ಅರ್ಧ ಹೊತ್ತು ಮೇಲೆ, ಅರ್ಧ ಹೊತ್ತು ಕೆಳಗೆ, ಅಂದ್ರೆ ಚೌಕ ಅಲೆ), ಒಂದರಲ್ಲಿ ರಾಗ, ಇನ್ನೊಂದರಲ್ಲಿ 047 ಆರ್ಪೆಜಿಯೊ (ಮೇಜರ್ ಕಾರ್ಡ್‌ನ ಮೂರು ಸ್ವರ ಸರಸರ ಒಂದಾದಮೇಲೊಂದು). ಹೆಡ್‌ಫೋನಲ್ಲಿ ಕೇಳಿದಾಗ ಮೈ ಜುಮ್ಮಂತು. ಮೇಲೆ ದನಿ ಹಾಕಿದೆ ನೋಡಿ, ಜೊತೆಗಾರ್ತಿ ‘ಶಾಸನ’ ಅಂದರೆ ‘ಆಸನ’ ಅಂತ ಕೇಳ್ತಿತ್ತು! ಚೌಕ ಅಲೆಯ ಹಾರ್ಮೋನಿಕ್‌ಗಳೆಲ್ಲ (ಮೂಲ ಸ್ವರದ ಮೇಲೆ ಬರೋ ಉಪಸ್ವರಗಳು) ಹೋಗಿ 2ರಿಂದ 4 ಕಿಲೋಹರ್ಟ್ಸ್ ನಡುವೆ ಕೂತಿದ್ದವು, ವ್ಯಂಜನಗಳು ಬದುಕೋ ಜಾಗ ಅದು. ವಾಲ್ಯೂಮ್ ಇಳಿಸಿದೆ, ಸೊಳ್ಳೆ ಗುಂಯ್‌ಗುಟ್ಟಿದ ಹಾಗಾಯ್ತು. ಡ್ಯೂಟಿ 12.5%ಗೆ ತಂದೆ, ಇನ್ನೂ ಕೆಟ್ಟಿತು.

ಕೊನೆಗೆ ಮಾತು ಶುರುವಾದ ಕ್ಷಣಕ್ಕೆ ಎರಡೂ ಪಲ್ಸ್ ನಿಲ್ಲಿಸಿ ಟ್ರಯಾಂಗಲ್ (ತ್ರಿಕೋನ ಅಲೆಯ ಚಾನೆಲ್) ಬೇಸ್ ಒಂದನ್ನೇ ಉಳಿಸ್ಕೊಂಡೆ. ಅಲ್ಲೂ ಒಂದು ಗೋಳು. ಎನ್‌ಇಎಸ್ ಚಿಪ್‌ನ ಟ್ರಯಾಂಗಲ್‌ಗೆ ವಾಲ್ಯೂಮೇ ಇಲ್ಲ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಟ್ರ್ಯಾಕರ್ ಒಳಗೆ ಫೇಡ್ ಮಾಡೋಕೇ ಆಗಲ್ಲ. ಚಾನೆಲ್ ಒಂದೊಂದನ್ನೇ ಬೇರೆ ಬೇರೆ ವೇವ್ ಫೈಲ್ ಮಾಡ್ಕೊಂಡು ಎಡಿಟರ್‌ನಲ್ಲಿ ಇಳಿಸಿದೆ. ಈ ಒಂದು ವಿಷಯ ಮೊದಲೇ ಯಾರಾದ್ರೂ ಹೇಳಿದ್ದಿದ್ರೆ ನನಗೆ ಒಂದು ತಿಂಗಳು ಉಳೀತಿತ್ತು.

ಬೂದುಪೆಟ್ಟಿಗೆ: ಎಮ್ಯುಲೇಟರ್‌ನಿಂದ (ಹಳೇ ಯಂತ್ರವನ್ನ ಅನುಕರಿಸೋ ಸಾಫ್ಟ್‌ವೇರ್) ಬಂದದ್ದನ್ನ ನಾನು ಚಿಪ್‌ಟ್ಯೂನ್ ಅಂತ ಒಪ್ಪಲ್ಲ. ನನ್ನ ಥೀಮ್ 1989ರ ಗೇಮ್‌ಬಾಯ್‌ನಿಂದಲೇ ಬಂದದ್ದು, ಎಲ್‌ಎಸ್‌ಡಿಜೆ (ಗೇಮ್‌ಬಾಯ್‌ನಲ್ಲೇ ಓಡೋ ಟ್ರ್ಯಾಕರ್) ಹಾಕಿ ಮಾಡಿದ್ದು. ಎಷ್ಟು ಕಷ್ಟ ಬಿದ್ದೆ ಅಂತ ಹೇಳ್ತೀನಿ. ಮೊದಲನೇ ಯಂತ್ರದ ಪರದೆಯಲ್ಲಿ ಎಂಟು ಗೆರೆ ಸತ್ತಿತ್ತು. ಎರಡನೆಯದರಲ್ಲಿ ಬ್ಯಾಟರಿ ಸೋರಿ ಸ್ಪ್ರಿಂಗ್ ಪೂರ್ತಿ ಹಸಿರುಗಟ್ಟಿತ್ತು, ವಿನೆಗರ್ ಹಾಕಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಬದುಕಿಸಿದೆ. ಹೆಡ್‌ಫೋನ್ ಕಿಂಡಿಯಿಂದ ಬರೋ ಸದ್ದಲ್ಲಿ ಗುಂಯ್ ಅನ್ನೋ ಕೊರೆತ ಇತ್ತು, ವಾಲ್ಯೂಮ್ ಗಾಲಿಯ ಹತ್ತಿರದಿಂದಲೇ ತಂತಿ ಎಳೆದು ಬೇರೆ ಜ್ಯಾಕ್ ಕೂರಿಸಿದೆ. ಬೆಸುಗೆ ಹಾಕುವಾಗ ಒಂದು ಪ್ಯಾಡ್ (ತಂತಿ ಬೆಸೆಯೋ ಲೋಹದ ಚುಕ್ಕೆ) ಕಿತ್ತುಬಂತು. ಮೂರನೇ ಯಂತ್ರ ತರಬೇಕಾಯ್ತು.

ಇಷ್ಟೆಲ್ಲ ಆದಮೇಲೆ ಕಾರ್ಟ್ರಿಜ್ ಒಳಗಿನ ಪುಟ್ಟ ಬ್ಯಾಟರಿ ಸತ್ತುಹೋಯ್ತು. ಹಾಡು ಉಳಿಯೋದೇ ಅದರ ಮೇಲೆ. ಬೆಳಗ್ಗೆ ಆನ್ ಮಾಡಿದೆ, ಪರದೆ ತುಂಬ ಬರೀ ಗೀಟು, ಹಾಡಿಲ್ಲ. ಸೇವ್ ಫೈಲನ್ನ ಕಂಪ್ಯೂಟರ್‌ಗೆ ತೆಗೆದಿಟ್ಟಿರಲಿಲ್ಲ. ಹಾಡಿನ ಹದಿನಾಲ್ಕು ತುಂಡು ನೆನಪಿನಿಂದ ಮತ್ತೆ ಬರೆದೆ. ಆದರೂ ನಮ್ಮ ಕೇಳುಗರು ಆ ಸದ್ದು ಕೇಳಿದ ಕೂಡಲೇ ನಮ್ಮ ಪಾಡ್‌ಕಾಸ್ಟ್ ಅಂತ ಗುರುತು ಹಿಡೀತಾರೆ. ನನಗೆ ಒಂದಿಷ್ಟೂ ಪಶ್ಚಾತ್ತಾಪ ಇಲ್ಲ.

ತ್ರಿಕೋನ: ‘ಒಪ್ಪಲ್ಲ’ ಅಂದ್ರೇನು ಸ್ವಾಮಿ? ಚಿಪ್‌ಟ್ಯೂನ್ ಅನ್ನೋ ಹೆಸರು ಬಂದದ್ದೇ ಅಮಿಗಾ ಕಂಪ್ಯೂಟರ್‌ನ ಟ್ರ್ಯಾಕರ್‌ನವರಿಂದ. ಅವರು ಚಿಕ್ಕ ಚಿಕ್ಕ ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದಿನ ತುಣುಕು) ಮತ್ತೆ ಮತ್ತೆ ಸುತ್ತಿಸಿ ಹಳೇ ಚಿಪ್‌ಗಳ ದನಿಯನ್ನ ಅನುಕರಿಸ್ತಿದ್ದರು. ಅಂದ್ರೆ ಹೆಸರು ಹುಟ್ಟಿದ್ದೇ ಅನುಕರಣೆಯಿಂದ. ನಿಮ್ಮ ಲೆಕ್ಕದಲ್ಲಿ ಅವರೂ ನಕಲಿಗಳಾ?

ಬೂದುಪೆಟ್ಟಿಗೆ: ಅಮಿಗಾನೂ ಯಂತ್ರಾನೇ, ಸದ್ದು ಅದರ ಚಿಪ್‌ನಿಂದಲೇ ಬಂತು. ಹೆಸರಿನ ಚರಿತ್ರೆ ನನಗೂ ಗೊತ್ತು. ನೀವು ಮಾತು ತಿರುಗಿಸಬೇಡಿ.

ಮೂರುದನಿ: ಯಂತ್ರದ ಹುಚ್ಚು ನನಗೂ ಇತ್ತು. ಕಮೊಡೋರ್ 64 ಕಂಪ್ಯೂಟರ್‌ನ ಸದ್ದಿನ ಚಿಪ್ ಸಿಡ್ ಬೇಕು, ಅದೂ 6581 ಅನ್ನೋ ಮಾದರಿಯೇ ಆಗ್ಬೇಕು, ಅದರ ಫಿಲ್ಟರ್ ಬೇರೆ ಯಾವುದರಲ್ಲೂ ಸಿಗಲ್ಲ ಅಂತ ಹಟ ಹಿಡಿದೆ. ತರಿಸಿದ ಮೊದಲ ಚಿಪ್ ನಕಲಿ, ಮೇಲಿನ ಅಕ್ಷರ ಉಜ್ಜಿ ಹೊಸದಾಗಿ ಅಚ್ಚು ಹಾಕಿದ್ದರು. ಅಸಿಟೋನ್ ಹತ್ತಿಯಲ್ಲಿ ಒರೆಸಿದರೆ ‘6581’ ಅನ್ನೋದೇ ಹತ್ತಿಗೆ ಬಂತು. ಎರಡನೆಯದು ಅಸಲಿ, ಆದರೆ ಒಂದು ಚಿಪ್‌ನ ಫಿಲ್ಟರ್ ಇದ್ದ ಹಾಗೆ ಇನ್ನೊಂದರದ್ದು ಇರಲ್ಲ. ರೆಕಾರ್ಡಿಂಗ್ ಕೇಳಿ ಬರೆದಿದ್ದ ಫಿಲ್ಟರ್ ಸೆಟ್ಟಿಂಗ್‌ಗಳು ನನ್ನ ಚಿಪ್‌ನಲ್ಲಿ ಬಾಯಿಗೆ ಬಟ್ಟೆ ತುರುಕಿದ ಹಾಗೆ ಕೇಳಿಸಿದವು. ಎಲ್ಲ ಮೊದಲಿಂದ ತಿದ್ದಿದೆ. ಕಡೆಗೆ 64 ಕೆಬಿಪಿಎಸ್ ಮೊನೊ (ಎಡ, ಬಲ ಸೇರಿಸಿ ಒಂದೇ ಮಾಡಿದ) ಎಂಪಿ3 ಮಾಡಿದಾಗ ಆ ಫಿಲ್ಟರ್‌ನ ಸೊಗಸೆಲ್ಲ ಹೋಗಿ ಬಿಟ್ಟಿತು, ನಾಯ್ಸ್ ಡ್ರಮ್ಮು ನೀರೊಳಗೆ ಬಡಿದ ಹಾಗಾಯ್ತು. ಅಸಲಿಯೋ ಎಮ್ಯುಲೇಟರೋ ಅಂತ ನಾನೇ ಗುರುತಿಸಲಾರೆ. ಇದು ಹೇಳೋಕೂ ನನಗೆ ನೋವಾಗುತ್ತೆ.

ಬೂದುಪೆಟ್ಟಿಗೆ: 64 ಕೆಬಿಪಿಎಸ್‌ಗೆ ಹಿಂಡಿದ್ದು ನಿಮ್ಮ ತಪ್ಪು, ಚಿಪ್ಪಿನದ್ದಲ್ಲ.

ಮೂರುದನಿ: ಮಾತಿನ ಕಾರ್ಯಕ್ರಮ ಮತ್ತೆಷ್ಟಕ್ಕೆ ಹಾಕ್ತಾರೆ? ಗೇಮ್‌ಬಾಯ್‌ನಲ್ಲಿ ಚಾನೆಲ್ಲು ಎಡ, ಬಲ ಇಲ್ಲಾ ಎರಡೂ ಕಡೆ, ಮೂರೇ ದಾರಿ. ನಿಮ್ಮದನ್ನ ಮೊನೊ ಮಾಡಿ ನೋಡಿದ್ದೀರಾ? ಪಕ್ಕಕ್ಕೆ ತಳ್ಳಿದ್ದು ಎರಡೂ ಕಡೆ ಇರೋದಕ್ಕಿಂತ 6 ಡೆಸಿಬೆಲ್ ಕೆಳಗೆ ಹೋಗುತ್ತೆ.

ಕರಾರುಪತ್ರ: ಇವರ ಜಗಳ ಮುಗಿಯಲ್ಲ. ನಾನು ಮಾಡಿಸಿದೆ. ಸಂಗೀತಗಾರರು ಒಳ್ಳೇವರೇ, ಆರು ಸಲ ತಿದ್ದಿ ಕೊಟ್ಟರು, ಏಳನೇ ಸಲಕ್ಕೆ ಹೆಚ್ಚುವರಿ ಹಣ ಕೇಳಿದರು, ಕೊಟ್ಟೆ. ಆದರೆ ಎಲ್ಲ ಬಾಯಿಮಾತಿನ ಒಪ್ಪಂದ. ಒಂದೂವರೆ ವರ್ಷ ಆದಮೇಲೆ ಅವರು ಅದೇ ರಾಗವನ್ನ ತಮ್ಮ ಆಲ್ಬಮ್‌ನಲ್ಲಿ ಹಾಕಿದರು. ವಿತರಕರು ಅದನ್ನ ಹಕ್ಕು ಪತ್ತೆ ಮಾಡೋ ವ್ಯವಸ್ಥೆಗೆ ಸೇರಿಸಿದರು. ಒಂದು ಬೆಳಗ್ಗೆ ನೋಡ್ತೀನಿ, ನನ್ನ ವಿಡಿಯೋ ರೂಪದ 43 ಕಂತಿನ ಮೇಲೂ ಹಕ್ಕಿನ ನೋಟಿಸು! ನಲವತ್ತಮೂರಕ್ಕೂ ಒಂದೊಂದಾಗಿ ತಕರಾರು ಹಾಕಿದೆ, ಒಂದಕ್ಕೆ ಎಂಟು ನಿಮಿಷ. ಬರವಣಿಗೆಯಲ್ಲಿ ಹಕ್ಕು ತಗೊಳ್ಳದೆ ಯಾರ ಕೈಲೂ ಮಾಡಿಸಬೇಡಿ.

ತ್ರಿಕೋನ: ಅದಕ್ಕೇ ಹೇಳಿದ್ದು, ಸ್ವಂತ ಮಾಡ್ಕೊಳ್ಳಿ ಅಂತ.

ಕರಾರುಪತ್ರ: ಹನ್ನೊಂದು ವಾರ ನನ್ನ ಹತ್ತಿರ ಇರಲಿಲ್ಲ. ನೀವು ಉಳಿಸಿದ ದುಡ್ಡನ್ನ ವಾರಗಳಲ್ಲಿ ತೆತ್ತಿದ್ದೀರಿ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಹೊಸಮೈಕು: ಎಲ್ಲರಿಗೂ ಧನ್ಯವಾದ. ಆದರೆ ಮೂರು ವಾರದಲ್ಲಿ, ಟ್ರ್ಯಾಕರ್ ಬಾರದವನಿಗೆ ಏನು ದಾರಿ?

ಕೊಂಡಿಕಳೆದವ: ಬೀಪ್‌ಬಾಕ್ಸ್‌ನಲ್ಲಿ ಮಾಡಿ, ಬ್ರೌಸರ್‌ನಲ್ಲೇ ನಡೆಯುತ್ತೆ, ಸಂಜೆಯೊಳಗೆ ಕೈಗೆ ಹತ್ತುತ್ತೆ. ನಾನು ನಾಲ್ಕು ದಿನದಲ್ಲಿ ಮುಗಿಸಿದೆ. ಆದರೆ ಅದರಲ್ಲಿ ಇಡೀ ಹಾಡು ವಿಳಾಸದ ಸಾಲಿನಲ್ಲೇ ಇರುತ್ತೆ. ನಾನು ಬ್ರೌಸರ್ ಇತಿಹಾಸ ಅಳಿಸಿದೆ, ಹಾಡೂ ಹೋಯ್ತು. ಕೈಲಿ ಉಳಿದದ್ದು ವೇವ್ ಫೈಲ್ ಒಂದೇ, ಬಿಡುವಿನ 5 ಸೆಕೆಂಡಿನ ತುಣುಕನ್ನ ಅದರಿಂದಲೇ ಕತ್ತರಿಸಬೇಕಾಯ್ತು. ಕತ್ತರಿಸಿದ ಕಡೆ ಈಗಲೂ ಟಕ್ ಅನ್ನುತ್ತೆ, ಪ್ರತಿ ಕಂತಲ್ಲೂ ನನಗದು ಚುಚ್ಚುತ್ತೆ. ದಿನಾ ರಾತ್ರಿ ಆ ವಿಳಾಸವನ್ನ ಕಾಪಿ ಮಾಡಿ ಪಠ್ಯ ಫೈಲಿಗೆ ಹಾಕಿ. ಇನ್ನೊಂದು: ಚೌಕ ಅಲೆಗೆ ಪೀಕೂ (ಅತಿ ಎತ್ತರದ ಮಟ್ಟ) ಸರಾಸರಿ ಮಟ್ಟವೂ (ಆರ್‌ಎಂಎಸ್) ಒಂದೇ. ಪೀಕ್ ನೋಡಿ ದನಿಗೆ ಸಮ ಮಾಡಿದರೆ ಥೀಮ್ ಕಿವಿ ಹರಿಯುತ್ತೆ. ಲೌಡ್‌ನೆಸ್ ಅಳೆದು ಕೂರಿಸಿ, ಪಾಡ್‌ಕಾಸ್ಟ್‌ಗೆ ಆಪಲ್ ಹೇಳೋದು −16 ಎಲ್‌ಯುಎಫ್‌ಎಸ್ (ಲೌಡ್‌ನೆಸ್ ಅಳೆಯೋ ಮಾನ).

ಬೂದುಪೆಟ್ಟಿಗೆ: ಬ್ರೌಸರ್‌ನಲ್ಲಿ ಮಾಡಿದ್ದಕ್ಕೂ ಅದೇ ಹೆಸರಾ? @ಮೂರುದನಿ, ನನ್ನದನ್ನ ಈಗ ಮೊನೊ ಮಾಡಿ ಕೇಳಿದೆ. ಎಡಗಡೆಯ ಆರ್ಪೆಜಿಯೊ ನಿಜಕ್ಕೂ ಕೆಳಗೆ ಹೋಗಿದೆ. ಎರಡು ವರ್ಷದಿಂದ ಹೀಗೇ ಹೋಗ್ತಿತ್ತಾ?

ಮೂರುದನಿ: ಮೊನೊ ಕೇಳೋರಿಗೆಲ್ಲ ಹೀಗೇ. ಸೇವ್ ಫೈಲ್ ಕಳಿಸಿ, ಈ ಸಲ ಕಂಪ್ಯೂಟರ್‌ಗೆ ತೆಗೆದಿಟ್ಟಿದ್ದರೆ.