ಟ್ಯಾಗ್ ಮಾಡಿದರೂ ಯಾರಿಗೂ ಮೇಲ್ ಹೋಗುತ್ತಿಲ್ಲ, ತಲೆ ಕೆಟ್ಟಿದೆ

ಪಿಬಿ_ರೋಡ್: ದಾವಣಗೆರೆಯಲ್ಲಿ ನಮ್ಮದು ಮೆಕ್ಕೆಜೋಳದ ವ್ಯಾಪಾರ. ಲಾರಿ, ತೂಕ, ಬಾಕಿ ಎಲ್ಲಾ ಒಂದೇ ಶೀಟಿನಲ್ಲಿದೆ, ಹೊಳಲ್ಕೆರೆ ಗೋಡೌನಿನವರೂ ಅದನ್ನೇ ನೋಡುತ್ತಾರೆ. ತೂಕದಲ್ಲಿ ವ್ಯತ್ಯಾಸ ಬಂದರೆ ಆ ಸೆಲ್ ಮೇಲೆ @ ಹಾಕಿ, ಹೆಸರು ಬರೆದು, "ಇದನ್ನು ನೋಡಿ" ಅಂತ ಹಾಕುತ್ತೇನೆ. ಒಬ್ಬರಿಗೂ ಗೊತ್ತೇ ಆಗುವುದಿಲ್ಲ. ಮತ್ತೆ ಫೋನ್ ಮಾಡಿ ಹೇಳುವುದಾದರೆ ಈ ಟ್ಯಾಗ್ ಯಾಕೆ ಬೇಕು? ಶೇರ್ ಎಲ್ಲಾ ಸರಿ ಇದೆ, ಅದನ್ನು ಕೇಳಬೇಡಿ.

ಕೋಟೆ_ಬುರುಜು: ಸ್ಪ್ಯಾಮ್ ನೋಡಿದ್ರಾ ಸರ್? ನಮ್ಮ ದುರ್ಗದ ಆಫೀಸಿನಲ್ಲೂ ಹೀಗೇ ಆಗಿತ್ತು.

ಪಿಬಿ_ರೋಡ್: ಸ್ಪ್ಯಾಮ್ ಖಾಲಿ.

ಕೋಟೆ_ಬುರುಜು: ಹಾಗಾದರೆ ಪ್ರಮೋಷನ್ಸ್ ಟ್ಯಾಬ್. ಅಲ್ಲೂ ಇಲ್ಲದಿದ್ದರೆ ಯಾವುದೋ ಫಿಲ್ಟರ್ ಇದೆ. ಮೇಲ್ ಬಂದೇ ಬಂದಿರುತ್ತದೆ, ಎಲ್ಲೋ ಕೂತಿದೆ ಅಷ್ಟೆ.

ತೂಕದ_ಚೀಟಿ: ಮೊದಲು ಯಾವ ಶೀಟು ಅಂತ ಹೇಳಿ. ಎಕ್ಸೆಲ್ ಆದರೆ ಫೈಲ್ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲಿ ಇರಬೇಕು. ಕಂಪ್ಯೂಟರಿನಲ್ಲೇ ಇಟ್ಟುಕೊಂಡ ಫೈಲಿನಲ್ಲಿ @ ಹಾಕಿದರೆ ಅದು ಬರೀ ಅಕ್ಷರ.

ಪಿಬಿ_ರೋಡ್: ಗೂಗಲ್ ಶೀಟ್ಸ್. ಇನ್ಯಾವುದು ಇರುತ್ತೆ?

ಕೋಟೆ_ಬುರುಜು: ಫೋನಿನಲ್ಲಿ ಬ್ಯಾಟರಿ ಸೇವರ್ ಆನ್ ಇದ್ದರೂ ಮೇಲ್ ತಡವಾಗಿ ಬರುತ್ತದೆ. ಸ್ಪ್ಯಾಮ್ ಇನ್ನೊಂದು ಸಲ ನೋಡಿ.

ಹರಿಹರ_ಸೇತುವೆ: ಇದಕ್ಕೆಲ್ಲಾ ವಾಟ್ಸಾಪ್ ಗ್ರೂಪ್ ಸಾಕು ಅಣ್ಣಾ, ಸುಮ್ನೆ ತಲೆನೋವು.

ತೂಕದ_ಚೀಟಿ: ಗುಡ್ ಮಾರ್ನಿಂಗ್ ಹೂವುಗಳ ನಡುವೆ ಹೋದ ವಾರದ ಲಾರಿ ತೂಕ ಹುಡುಕಿ ನೋಡಿ, ಆಮೇಲೆ ಮಾತಾಡೋಣ. ಶೀಟಿನಲ್ಲಾದರೆ ಯಾವ ಸಾಲಿನ ಮಾತು ಅಂತ ಅಲ್ಲೇ ಇರುತ್ತದೆ.

ಹರಿಹರ_ಸೇತುವೆ: ನಮ್ಮ ಗ್ರೂಪಿನಲ್ಲಿ ಅಡ್ಮಿನ್ ಬಿಟ್ಟು ಯಾರೂ ಬರೆಯುವ ಹಾಗಿಲ್ಲ. ಹೂವೂ ಇಲ್ಲ, ಹಣ್ಣೂ ಇಲ್ಲ.

ತೂಕದ_ಚೀಟಿ: ಮತ್ತೆ ಗುಮಾಸ್ತ ಉತ್ತರ ಎಲ್ಲಿ ಕೊಡುತ್ತಾನೆ, ಗೋಡೆ ಮೇಲಾ?

ಇರಲಿ. ಪಿಬಿ_ರೋಡ್ ಅವರೇ, ಬರೆದ ಮೇಲೆ ಸೆಲ್ ಮೂಲೆಯಲ್ಲಿ ಒಂದು ತ್ರಿಕೋನ ಬರುತ್ತಲ್ವಾ, ಅದು ಕಪ್ಪಾ ಹಳದಿಯಾ?

ಪಿಬಿ_ರೋಡ್: ಕಪ್ಪು. ಶಿಫ್ಟ್ ಎಫ್2 ಒತ್ತಿ ಬರೆಯುತ್ತೇನೆ. ಬಣ್ಣಕ್ಕೂ ಮೇಲ್‌ಗೂ ಏನು ಸಂಬಂಧ?

ತೂಕದ_ಚೀಟಿ: ಅಲ್ಲೇ ಇರುವುದು ಸಂಬಂಧ. ಅದು ನೋಟ್, ಕಾಮೆಂಟ್ ಅಲ್ಲ. ನೋಟ್‌ನಲ್ಲಿ @ ಹಾಕಿದರೂ ಯಾರಿಗೂ ಮೇಲ್ ಹೋಗುವುದಿಲ್ಲ. ಕಂಟ್ರೋಲ್ ಆಲ್ಟ್ ಎಂ ಒತ್ತಿ, ಇಲ್ಲವೇ ರೈಟ್ ಕ್ಲಿಕ್ ಮಾಡಿ ಕಾಮೆಂಟ್ ಆರಿಸಿ. ಆಮೇಲೆ @ ಹಾಕಿದಾಗ ಕೆಳಗೆ ಹೆಸರುಗಳು ಬರುತ್ತವೆ, ಅದರಲ್ಲೇ ಆರಿಸಬೇಕು, ಇಲ್ಲದಿದ್ದರೆ ಪೂರ್ತಿ ಮೇಲ್ ಐಡಿ ಹೊಡೆಯಬೇಕು. ಸುಮ್ನೆ ಹೆಸರು ಬರೆದರೆ ಟ್ಯಾಗ್ ಆಗುವುದಿಲ್ಲ. ಕೆಲಸ ಅವರ ತಲೆಗೇ ಕಟ್ಟಬೇಕಾದರೆ ಅಸೈನ್ ಅಂತ ಒಂದು ಟಿಕ್ ಬರುತ್ತದೆ, ಅದನ್ನೂ ಹಾಕಿ. ಅವರು ಉತ್ತರ ಬರೆಯಬೇಕಾದರೆ ವ್ಯೂವರ್ ಆಗಿದ್ದರೆ ಸಾಲದು, ಕಾಮೆಂಟರ್ ಆದರೂ ಮಾಡಿ.

ಪಿಬಿ_ರೋಡ್: ಅಕೌಂಟ್ಸ್ ಹುಡುಗನಿಗೆ ತಕ್ಷಣ ಹೋಯಿತು! ಗೋಡೌನ್ ರೈಟರ್‌ಗೆ ಮಾತ್ರ ಇನ್ನೂ ಇಲ್ಲ.

ಕೋಟೆ_ಬುರುಜು: ಅವರ ಸ್ಪ್ಯಾಮ್...

ತೂಕದ_ಚೀಟಿ: ಸ್ಪ್ಯಾಮ್ ಬಿಡಿ ಸ್ವಾಮಿ. ರೈಟರ್ ಫೋನಿನಲ್ಲಿ ಎರಡು ಜಿಮೇಲ್ ಇದ್ದು, ನೀವು ಹಳೆಯದಕ್ಕೆ ಹಾಕುತ್ತಿರಬಹುದು. ಇಲ್ಲವೇ ಅವರೇ ಆ ಫೈಲಿನ ನೋಟಿಫಿಕೇಷನ್ ಬಂದ್ ಮಾಡಿಕೊಂಡಿರಬಹುದು. ಅದನ್ನು ಅವರ ಲಾಗಿನ್‌ನಿಂದಲೇ ಸರಿ ಮಾಡಬೇಕು, ನೀವು ಓನರ್ ಆಗಿದ್ದರೂ ನಿಮ್ಮ ಕೈಯಲ್ಲಿ ಆಗುವುದಿಲ್ಲ.

ಹರಿಹರ_ಸೇತುವೆ: ನೆಟ್ ಸರಿ ಇದೆಯಾ ನೋಡಿ. ನಮ್ಮಲ್ಲಿ ಫೈಬರ್, ಎರಡು ಮಾನಿಟರ್, ಕರೆಂಟ್ ಹೋದರೂ ರೂಟರ್ ಆಫ್ ಆಗದ ಹಾಗೆ ಇನ್ವರ್ಟರ್. ಇಂಥ ಸಮಸ್ಯೆ ಬಂದೇ ಇಲ್ಲ.

ತೂಕದ_ಚೀಟಿ: ನೀವು ಶೀಟೇ ಬಳಸುವುದಿಲ್ಲವಲ್ಲ, ಹೇಗೆ ಬರುತ್ತದೆ?

ಕೋಟೆ_ಬುರುಜು: ಬ್ಯಾಟರಿ ಎಷ್ಟು ಎಎಚ್?

ಹರಿಹರ_ಸೇತುವೆ: 150, ಟ್ಯೂಬುಲರ್. ಫೋಟೋ ಹಾಕಲಾ?

ಪಿಬಿ_ರೋಡ್: ಇನ್ವರ್ಟರ್‌ಗೆ ಬೇರೆ ಥ್ರೆಡ್ ಮಾಡಿಕೊಳ್ಳಿ ಅಣ್ಣಾ. ರೈಟರ್ ಇವತ್ತು ರಜೆ, ಅವರ ಫೋನ್ ಕೈಗೆ ಸಿಕ್ಕ ಮೇಲೆ ಐಡಿ ನೋಡಿ ಹೇಳುತ್ತೇನೆ.

ಕೋಟೆ_ಬುರುಜು: ಹಳೆ ಬ್ಯಾಟರಿಗೆ ಎಕ್ಸ್‌ಚೇಂಜ್ ಎಷ್ಟು ಕೊಟ್ಟರು?